ಸಕ್ಕರೆ ಡಬ್ಬಿಯ ಅತ್ತೆ

ಸಿಂದಗಿ ಬಸ್ ನಿಲ್ದಾಣದಲ್ಲಿ ಮೋರಟಗಿ ಬಸ್ಸಿಗೆ ಕಾಯುತ್ತಿದ್ದ ನಿವೃತ್ತ ಶಿಕ್ಷಕ ಪಂಢರಿನಾಥರ ಕಿವಿ ಪಕ್ಕದ ಬೆಂಚಿನತ್ತ ಹೊರಳಿತು. ಅಲ್ಲಿ ಮುದುಕಿ ರೇವವ್ವ ಮತ್ತು ಸೊಸೆ ರೇಣುಕಾ ಮೊಬೈಲಿನಲ್ಲಿ ಅತ್ತೆ-ಸೊಸೆ ಜಗಳದ ಹಳೆಯ ಹಾಸ್ಯ ಧಾರಾವಾಹಿಯೊಂದನ್ನು ನೋಡುತ್ತ ನಗುತ್ತಿದ್ದರು.

“ಅತ್ತಿ, ಇದನ್ನ ಎಷ್ಟ ಸಲ ನೋಡೀರಿ?”

“ಯಾರಿಗೆ ಗೊತ್ತವಾ. ಆ ಅತ್ತಿ ಸೊಸಿಗೆ ಕಾಣದಂಗ ಸಕ್ಕರಿ ಡಬ್ಬಿ ಮುಚ್ಚಿಡೋದು ಬಂದ್ರ ನಗಿ ತಡಿಯಂಗಿಲ್ಲ.”

“ನೀವೂ ಮುಚ್ಚಿಡ್ತೀರಲ್ರಿ.”

“ಅದಕ್ಕ ನಗಿ ಬರ್ತೈತಿ!”

“ಆವಾಗ ‘ಮಂತ್ರಿ ಮಾದಪ್ಪ’ ಅಂತ ಇನ್ನೊಂದು ಬರ್ತಿತ್ತಂತಲ್ರಿ?”

ಪಂಢರಿನಾಥರು ಬೆಂಚಿನ ಅಂಚಿಗೆ ಸರಿದು ಕುಳಿತರು.

“ಬರ್ತಿತ್ತು. ಎಲ್ಲಾ ಆಗಿನ ಸರಕಾರದ ಮ್ಯಾಲಿನ ಚಾಷ್ಟಿ. ಸರಕಾರ ಬಿತ್ತು, ಚಾಷ್ಟಿನೂ ಬಿತ್ತು.”

“ಈ ಸಕ್ಕರಿ ಡಬ್ಬಿ ಅತ್ತಿ ಮಾತ್ರ ಬೀಳಲಿಲ್ಲ.”

“ಬೀಳಂಗಿಲ್ಲ ತಗಿ!”

ಪಂಢರಿನಾಥರಿಗೆ ತಡೆಯಲಾಗಲಿಲ್ಲ. “ಅವ್ವಾರ, ಆ ಮಂತ್ರಿ ಧಾರಾವಾಹಿ ಬರದಾಂವ ನಾನ ರೀ.”

ರೇವವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹೌದೇನ್ರಿ? ನಿಮ್ಮ ಮನ್ಯಾಗ ಅತ್ತಿ-ಸೊಸಿ ಇರಲಿಲ್ಲೇನ್ರಿ?”

“ಇದ್ರು. ನಮ್ಮವ್ವಗೂ ನನ್ನ ಹೇಣ್ತಿಗೂ ದಿನಾ ಜಗಳ. ಆ ಗದ್ದಲದಾಗ ಆಗಂಗಿಲ್ಲಂತ ಸಾಲ್ಯಾಗ ಕುಂತು ಬರೀತಿದ್ದೆ.”

ಅಷ್ಟರಲ್ಲಿ ಅತ್ತೆ-ಸೊಸೆ ಕಾಯುತ್ತಿದ್ದ ಇಂಡಿ ಬಸ್ಸು ಬಂತು. ರೇವವ್ವ ಸೊಸೆಯ ಭುಜ ಹಿಡಿದು ಮೆಟ್ಟಿಲು ಹತ್ತುತ್ತ ತಿರುಗಿ ನೋಡಿದಳು.

“ಯಪ್ಪಾ, ಆ ಗದ್ದಲಾನ ಬರೀಬೇಕಿತ್ತಲ್ರಿ!”