ಹಡಗಿನ ಸಾಲಿನಲ್ಲಿ ಕೇಳಿದ್ದು

ದಿಲಿ ಬಂದರಿನಲ್ಲಿ ಅತಾವ್ರೊ ದ್ವೀಪದ ಹಡಗಿಗೆ ಸಾಲು ನಿಂತಿದ್ದೆವು. ನನ್ನ ಮುಂದೆ ಮೇಕೆ ಹಿಡಿದ ಮುದುಕ ಅಬಿಲಿಯೊ, ಪಕ್ಕದಲ್ಲಿ ಮೀನುಗಾರಿಕೆ ಇಲಾಖೆಯ ಸಮವಸ್ತ್ರದಲ್ಲಿ ಅವರ ತಮ್ಮನ ಮಗಳು ಝೆಲಿಂದಾ.

"ದೊಡ್ಡಪ್ಪ, ಬೋರ್ಡು ರೆಡಿ. ಎರಡು ವರ್ಷ ನಮ್ಮೂರ ಹವಳದ ದಿಬ್ಬದಲ್ಲಿ ಯಾರೂ ಬಲೆ ಹಾಕೋ ಹಾಗಿಲ್ಲ."

"ಬೋರ್ಡಿಗೆ ಯಾರು ಹೆದರ್ತಾರೆ? ಮೇಕೆ ಕೊಯ್ದು, ಸತ್ತ ಹಿರಿಯರನ್ನ ಕರೆದು ಆಣೆ ಇಟ್ರೆ ಹೆದರ್ತಾರೆ."

"ಹೊರಗಿನ ದೋಣಿಯವರು ನಿಮ್ಮ ಹಿರಿಯರಿಗೆ ಹೆದರ್ತಾರಾ?"

"ಅವರಿಗೆ ನಿನ್ನ ಬೋರ್ಡು. ನಿಮ್ಮಪ್ಪನಿಗೆ ನನ್ನ ಮೇಕೆ. ಮೊದಲು ಬಲೆ ಹಾಕೋನು ಅವನೇ."

"ಅಪ್ಪನ್ನ ಕಾವಲಿಗೇ ಹಾಕಿದೀನಿ!"

ಮುದುಕ ಕೆಮ್ಮು ಬರುವಷ್ಟು ನಕ್ಕರು.

"ನೋಡು, ಈ ಉಸಿರಲ್ಲಿ ನಾಳೆ ಆಣೆಯ ಮಾತು ಪೂರ್ತಿ ಹೇಳೋಕಾಗಲ್ಲ. ನೀನೇ ಹೇಳು."

"ನಾನಾ? ಹೆಂಗಸರು ಹೇಳಿದ್ದುಂಟಾ?"

"ಕಲೀಬೇಕಾದ ಗಂಡಸರೆಲ್ಲ ಆಸ್ಟ್ರೇಲಿಯಾದಲ್ಲಿ ಹಣ್ಣು ಕೀಳ್ತಿದಾರೆ. ಅವರು ಬರೋವರೆಗೂ ಮೀನು ಕಾಯುತ್ತಾ?"

"ಊರವರು ಒಪ್ತಾರಾ?"

"ಒಪ್ಪಿಸಿದೀನಿ. ಇಬ್ಬರು ಮುನಿಸಿಕೊಂಡಿದಾರೆ, ಮೇಕೆ ಬೆಂದ ಮೇಲೆ ಸರಿಹೋಗ್ತಾರೆ. ಚಿಕ್ಕಂದಿನಿಂದ ಕೇಳಿದೀಯಲ್ಲ, ಶುರು ಮಾಡು."

ಅವಳು ಸುತ್ತ ನೋಡಿ, ನಾಚಿ, ಮೆಲ್ಲಗೆ ಶುರು ಮಾಡಿದಳು. ಆಣೆಯ ಎರಡನೇ ಸಾಲಿನಲ್ಲೇ ತಡವರಿಸಿದಳು. ಅವರು ಒಂದು ಪದ ಎತ್ತಿಕೊಟ್ಟರು. ಸಾಲು ಮುಂದೆ ಸರಿಯಿತು. ಹಡಗಿನ ಹಲಗೆ ಹತ್ತುವಾಗ ಅವಳ ದನಿ ನನಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಅಬಿಲಿಯೊ ಈಗ ಪದ ಎತ್ತಿಕೊಡದೆ ಬರೀ ತಲೆಯಾಡಿಸುತ್ತಿದ್ದರು.