ಪೆನ್ಸಿಲಿನಲ್ಲಿ ಬರೆದ ಒಂದು ಸಾಲು

ಹಿರಿಯರೇ, ಸಹೋದ್ಯೋಗಿಗಳೇ, ಮುಂದೆ ಕುಳಿತಿರುವ, ನಮ್ಮನ್ನು ಅಗಲಿದ ಅಕ್ಕನ ಯಜಮಾನರೇ — ಮಗಳೇ, ನಿನಗೂ — ನಮಸ್ಕಾರ.

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ‘ಎಣಿಕೆಯಕ್ಕ’. ರಕ್ತದ ಕ್ಯಾನ್ಸರ್ ಬಂದವರ ಮೂಳೆಮಜ್ಜೆಯನ್ನು ಗಾಜಿನ ಮೇಲೆ ಸವರಿ, ಒಂದೊಂದೇ ಜೀವಕೋಶ ನೋಡಿ ಎಣಿಸಿ, ಇದು ಯಾವ ಬಗೆಯದು ಎಂದು ಹೇಳುವ ಕೆಲಸ. ಬಗೆ ತಪ್ಪಿದರೆ ಔಷಧಿಯೂ ತಪ್ಪುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ನಿಯಮ — ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು, ಒಬ್ಬರದನ್ನು ಇನ್ನೊಬ್ಬರು ನೋಡಬಾರದು. ಮೊದಲ ಎಣಿಕೆ ಅಕ್ಕನದು. ಎರಡನೆಯದು, ಡಾಕ್ಟರ್ ಎನಿಸಿಕೊಂಡ ನನ್ನದು.

ನಾನು ಎಣಿಸುತ್ತಿರಲಿಲ್ಲ.

ಹೌದು. ಅಕ್ಕನ ಹಾಳೆ ಕದ್ದು ನೋಡಿ, ಅಂಕಿ ಒಂದಿಷ್ಟು ಆಚೀಚೆ ಮಾಡಿ ಸಹಿ ಹಾಕುತ್ತಿದ್ದೆ. ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಗಾಜಿನ ಮೇಲೆ ಒಂದು ಹನಿ ಎಣ್ಣೆ ಬಿಡಬೇಕು. ಅಕ್ಕ ನನ್ನ ಎಣ್ಣೆ ಬಾಟಲಿಯನ್ನು ಹೀಗೆ — ಬೆಳಕಿಗೆ ಹಿಡಿದು, “ಏನ್ ಸರ್, ತಿಂಗಳಾಯ್ತು, ಇದು ಇಳಿದೇ ಇಲ್ಲ! ನಿಮ್ಮ ಮೈಕ್ರೋಸ್ಕೋಪಿಗೆ ಉಪವಾಸನಾ?” ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಒಂದು ವರದಿ ತಪ್ಪಿತು. ಒಬ್ಬ ಟೀಚರಮ್ಮನಿಗೆ ಮೂರು ವಾರ ಬೇರೆಯೇ ಔಷಧಿ ಹೋಯಿತು. ಜೀವ ಉಳಿಯಿತು, ಆದರೆ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ವಿಚಾರಣೆಯಲ್ಲಿ ಅಕ್ಕ ಹೇಳಿದರು: “ನಂಗೆ ಅನುಮಾನ ಇತ್ತು. ‘ಸರ್, ಇದನ್ನ ನೀವೇ ನೋಡಿ ಹೇಳಿ’ ಅಂತ ಹಾಳೆ ಮೇಲೆ ಪೆನ್ಸಿಲಲ್ಲಿ ಬರೆದಿದ್ದೆ.” ಹಾಳೆ ತರಿಸಿ ನೋಡಿದರು. ಏನೂ ಇರಲಿಲ್ಲ.

ಇರಲಿಲ್ಲ — ಏಕೆಂದರೆ ವಿಚಾರಣೆಯ ಹಿಂದಿನ ದಿನ ಅದನ್ನು ರಬ್ಬರಿನಿಂದ ಅಳಿಸಿದ್ದವನು ನಾನು. ಇದೇ ಕೈ.

ಅಕ್ಕ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ತಪ್ಪೆಲ್ಲ ಅಕ್ಕನದೇ ಎಂದಾಯಿತು. ಇಪ್ಪತ್ತಾರು ವರ್ಷ ಜೀವಕೋಶ ಗುರುತಿಸಿದವರನ್ನು ಸ್ಯಾಂಪಲ್ ಕೌಂಟರಿಗೆ ಕಳಿಸಿದರು. ಕೊನೆಯವರೆಗೂ ಅಲ್ಲಿ ಚೀಟಿ ಅಂಟಿಸಿದರು. ನಾನು ಎದುರಾದರೆ, “ಊಟ ಆಯ್ತಾ ಸರ್?” ಅಂತಲೇ ಕೇಳುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುತ್ತಿದ್ದೆ.

ಮೊನ್ನೆ ಈ ಮಗಳು ನನ್ನನ್ನು ಕೇಳಿದಳು, “ಅಂಕಲ್, ಅಮ್ಮ ನಿಜವಾಗ್ಲೂ ತಪ್ಪು ಮಾಡಿದ್ರಾ?” ಆಗಲೂ ನಾನು ಕಿಟಕಿಯನ್ನೇ ನೋಡಿದೆ.

ಇಲ್ಲಮ್ಮ. ನಿಮ್ಮಮ್ಮ ತಪ್ಪು ಮಾಡಲಿಲ್ಲ. ಮಾಡಿದವನು ನಾನು. ಇದನ್ನೇ ಬರೆದು ಇವತ್ತು ಬೆಳಿಗ್ಗೆ ಮುಖ್ಯಸ್ಥರ ಕೈಗೆ ಕೊಟ್ಟು ಬಂದಿದ್ದೇನೆ — ಪೆನ್ನಿನಲ್ಲಿ ಬರೆದು.

ಈಗ ಎರಡು ನಿಮಿಷ ಮೌನ. ಅಕ್ಕನಿಗಾಗಿ ಮೌನವಾಗಿ ನಿಲ್ಲುವ ಯೋಗ್ಯತೆ ನಿಮಗಿದೆ. ನಾನು ನಾಲ್ಕು ವರ್ಷ ಸುಮ್ಮನಿದ್ದವನು. ದಯವಿಟ್ಟು — ಎಲ್ಲರೂ ಎದ್ದು ನಿಲ್ಲಿ.