ಕೋವಿ ಸಂಘದ ಓಟು

ಬ್ಯಾಡರಹಳ್ಳಿ ಬಸ್‌ಸ್ಟಾಪಿನಲ್ಲಿ ಶೈಲಾಳ ಪಕ್ಕ ಇಬ್ಬರು ಹಿರಿಯರು ಕುಳಿತಿದ್ದರು. ಕೋವಿ ಲೈಸೆನ್ಸುದಾರರ ಸಂಘದ ಚುನಾವಣೆ ಮುಗಿಸಿ ಬಂದವರು ಎಂಬುದು ಮಾತಿನಲ್ಲೇ ತಿಳಿಯಿತು.

"ಎಣಿಕೆಗೆ ನಿಲ್ಲಕ್ಕಾಗ್ಲಿಲ್ಲ ಕೆಂಪಯ್ಯಣ್ಣ. ನನ್ನ ಓಟಂತೂ ನಿಮಗೇ."

"ಇನ್ಯಾರಿಗೆ ಹಾಕ್ತೀಯ ಯೋಗಾನಂದ? ನಲವತ್ತು ವರ್ಷ ಒಂದೇ ಬದೂನಲ್ಲಿ ಕೂತು ಹಂದಿ ಕಾದಿದೀವಿ."

"ಮತ್ತೆ? ಎದುರಿಗೆ ನಿಂತೋನಿಗೆ ಕೋವಿ ಹಿಡಿಯಕ್ಕೇ ಬರಲ್ಲ. ಅವನೇನು ಡೈರೆಕ್ಟರ್ ಆಗೋದು?"

"ಆದ ಕಣೋ. ನಂಗೆ ನಾನೇ ಹಾಕ್ಕೊಳ್ಳೋದು ಮರ್ಯಾದೆ ಅಲ್ಲ ಅಂತ ನಾನೂ ಅವನಿಗೇ ಹಾಕ್ದೆ."

"ಒಳ್ಳೆ ಕೆಲಸ ಮಾಡಿದ್ರಿ. ನಿಮಗೆಷ್ಟು ಬಿತ್ತು?"

"ಒಂದೂ ಇಲ್ಲ."

ಯೋಗಾನಂದ ತಮ್ಮ ಚಪ್ಪಲಿ ನೋಡಿಕೊಂಡರು. ಬಸ್ಸು ಬಂತು.

"ಬನ್ನಿ ಅಣ್ಣ."

"ನೀನು ಹೋಗು. ರಶ್ಶಿದೆ, ಮುಂದಿನದಕ್ಕೆ ಬರ್ತೀನಿ."

ಶೈಲಾ ಹತ್ತಿದಳು. ಬಸ್ಸು ಖಾಲಿಯೇ ಇತ್ತು.